ಒಂದು ಒತ್ತಿದ ತಿಮ್ಮಮ್ಮ

ಲಕ್ವ ಹೊಡೆದು ತಿಮ್ಮಮ್ಮನ ಬಲಗೈ ಬಿದ್ದುಹೋಗಿತ್ತು, ಬಾಯಿ ಸೊಟ್ಟಗಾಗಿತ್ತು. ಅಂತರಸಂತೆಯಿಂದ ಆಟೋದಲ್ಲಿ ಕರೆತಂದ ಮಗ ಶಿವಣ್ಣ, ಎಚ್.ಡಿ. ಕೋಟೆಯ ನಮ್ಮ ಟ್ರಸ್ಟ್ ಆಸ್ಪತ್ರೆಯ ಬಾಗಿಲಲ್ಲೇ ಕೂಗಾಡಿದ. ಬಿ.ಪಿ. ಮಾತ್ರೆ ಮುಗಿದು ಎರಡು ತಿಂಗಳಾಗಿತ್ತಂತೆ.

"ಫೋನ್ ಬತ್ತದೆ, ಆಗ ಬನ್ನಿ ಅಂದಿದ್ರಿ. ನಮ್ಮವ್ವ ಕಾಯ್ತಾ ಕೂತ್ಳು. ಯಾಕ್ರೀ ಬರ್ನಿಲ್ಲ ಫೋನು?"

ಕಂಪ್ಯೂಟರ್ ಬೇರೆಯೇ ಹೇಳಿತು. ಮಾತ್ರೆಗೆ ಬರಬೇಕಾದ ದಿನ ನೆನಪಿಸುವ ಯಂತ್ರದ ಕರೆ ತಿಮ್ಮಮ್ಮನಿಗೆ ಎರಡು ಸಲ ಹೋಗಿದೆ. ಎರಡು ಸಲವೂ ಅತ್ತಲಿಂದ 'ಒಂದು' ಒತ್ತಿ, ಬರುತ್ತೇನೆಂದು ಒಪ್ಪಿದ್ದಾರೆ. ನಾನು ಔಷಧಿ ಕೌಂಟರಿನವನು. ಕಂಪ್ಯೂಟರೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಆದರೆ ನೂರಕ್ಕೆ ತೊಂಬತ್ತು ರೋಗಿಗಳು ಹಾಗೆ ಒತ್ತದಿದ್ದರೆ ಆಸ್ಪತ್ರೆಯ ಮಾನ್ಯತೆ ಹೋಗುತ್ತದೆ. ನಿಯಮ ಹಾಗಿದೆ.

ಕರೆ ಕಳಿಸುವವಳು ನರ್ಸ್ ಪವಿತ್ರ, ಆದ್ದರಿಂದ ತಪ್ಪು ಅವಳದೇ ಎಂದಾಯಿತು. ಸಂಜೆಯೊಳಗೆ ಅವಳ ಕೆಲಸ ಹೋಗುವುದು ಖಂಡಿತವಾಗಿತ್ತು. ಮ್ಯಾನೇಜರ್ ಕಾಂತರಾಜು ಪತ್ರವನ್ನೂ ಟೈಪ್ ಮಾಡಿಸಿಟ್ಟಿದ್ದರು.

ವಿಚಾರಣೆಗೆ ಟ್ರಸ್ಟಿನವರು ಹುಣಸೂರಿನಿಂದ ಷಣ್ಮುಖಪ್ಪನವರನ್ನು ಕರೆಸಿದರು. ನಿವೃತ್ತ ಸಬ್ ಇನ್ಸ್‌ಪೆಕ್ಟರ್. ಮ್ಯಾನೇಜರರ ಕೋಣೆಯಲ್ಲಿ ನನ್ನನ್ನು ಜೊತೆಗೆ ಕೂರಿಸಿಕೊಂಡು, ಮೊದಲು ಕರೆದದ್ದು ರಿಸೆಪ್ಷನ್ನಿನ ಸೌಂದರ್ಯಳನ್ನು.

"ಯಂತ್ರದ ಕರೆ ಹೋದ ದಿನ ಏನಾಗುತ್ತಮ್ಮ?"

"ಪ್ರಾಣ ತಿಂತಾರೆ ಸಾರ್! ರೆಕಾರ್ಡಿಂಗ್ ಕೇಳಿಸ್ಕೊಂಡು ಕಟ್ ಮಾಡ್ತಾರೆ, ಆಮೇಲೆ ಇಲ್ಲಿಗ್ ಮಾಡಿ 'ಏನವ್ವಾ ಅಂದಿದ್ದು?' ಅಂತಾರೆ. ಹಂಪಾಪುರದವರದ್ದಂತೂ ನಿಲ್ಲೋದೇ ಇಲ್ಲ."

"ಅಂತರಸಂತೆಯವರು?"

"ಅವ್ರೂ ಹಂಗೇ ಮಾಡೋರು. ಮೂರು ತಿಂಗಳಿಂದ ಒಬ್ರೂ ಇಲ್ಲ. ಪೀಡೆ ತೊಲಗ್ತು ಅಂದ್ಕೊಂಡೆ."

ಷಣ್ಮುಖಪ್ಪ ಉಳಿದವರನ್ನೂ ಒಳಗೆ ಕರೆಸಿ, ತಿಮ್ಮಮ್ಮನ ದಾಖಲೆ ತೆರೆಸಿದರು.

"ಶಿವಣ್ಣ, ಈ ನಂಬರ್ ನಿನ್ನದೇನಯ್ಯ?"

"ಅಲ್ಲ ಕಣ್ ಸಾರ್. ನಂದೇ ಬರ್ಸಿದ್ದೆ!"

"ನಂಬರ್ ಬದಲಾಯಿಸಿದ್ದು ಪವಿತ್ರನ ಲಾಗಿನ್ನಲ್ಲೇ, ನೋಡಿ," ಎಂದರು ಕಾಂತರಾಜು.

ಪವಿತ್ರ ಎದ್ದು ನಿಂತಳು. "ಬೆಳಿಗ್ಗೆ ನಾನು ಓಪನ್ ಮಾಡಿಟ್ರೆ ಎಲ್ರೂ ಅದ್ರಲ್ಲೇ ಕೆಲ್ಸ ಮಾಡೋದು ಸಾರ್..."

ನಿಜ. ನಾನೂ ಅದರಲ್ಲೇ ಮಾಡುತ್ತಿದ್ದೆ. ನನಗೆ ನಾಚಿಕೆಯಾಯಿತು.

ಷಣ್ಮುಖಪ್ಪ ಆ ನಂಬರಿಗೆ ಫೋನ್ ಮಾಡಿದರು. ಕಾಂತರಾಜು ಅವರ ಮೇಜಿನ ಡ್ರಾಯರಿನೊಳಗೆ ಮೊಬೈಲ್ ಹೊಡೆದುಕೊಳ್ಳತೊಡಗಿತು.

ಷಣ್ಮುಖಪ್ಪನವರೇ ಎದ್ದು ಡ್ರಾಯರು ಎಳೆದರು.

"ನೀವೆಲ್ಲ 'ಒಂದು' ಒತ್ತಿದ್ದನ್ನೇ ನೋಡಿದಿರಿ," ಎಂದರು ಷಣ್ಮುಖಪ್ಪ. "ವಾಪಸ್ ಫೋನ್ ನಿಂತದ್ದನ್ನು ಯಾರೂ ನೋಡಲಿಲ್ಲ. ಒಂದು ಊರಿಗೆ ಊರೇ ಒಂದೇ ತಿಂಗಳಲ್ಲಿ ಗುಂಡಿ ಒತ್ತೋದು ಕಲಿತುಬಿಡುತ್ತಾ? ಕರೆ ಅವರಿಗೆ ಹೋಗಲೇ ಇಲ್ಲ. ಇವರ ಡ್ರಾಯರಿಗೆ ಬಂತು. ಒತ್ತಿದ್ದು ಇವರೇ."

"ಯಾರೂ ಒತ್ತುತ್ತಿರಲಿಲ್ಲ ಸಾರ್," ಕಾಂತರಾಜು ಅವರ ದನಿ ಇಳಿಯಿತು. "ಮಾನ್ಯತೆ ಹೋದ್ರೆ ಆಸ್ಪತ್ರೆ ಮುಚ್ಚಬೇಕಿತ್ತು. ನಾನೇನ್ ಮಾಡ್ಲಿ?"

"ಅವರು ಫೋನ್ ಮಾಡಿ ಕೇಳ್ತಿದ್ದರಲ್ರೀ. ಉತ್ತರ ಹೇಳಿದ್ದರೆ ಸಾಕಿತ್ತು," ಎಂದರು ಷಣ್ಮುಖಪ್ಪ.

ಪವಿತ್ರ ಕಂಪ್ಯೂಟರಿನಲ್ಲಿ ಅದೇ ನಂಬರನ್ನು ಹುಡುಕಿದಳು. ಮೂವತ್ತೊಂದು ಹೆಸರು ಬಂದವು, ಎಲ್ಲ ಅಂತರಸಂತೆ ಕಡೆಯವೇ. ಬಿ.ಪಿ., ಸಕ್ಕರೆ, ಫಿಟ್ಸ್. ತಿಮ್ಮಮ್ಮನದು ಒಂದು. ಉಳಿದ ಮೂವತ್ತು ಜನ? ಅವರ ಹಳೆಯ ನಂಬರುಗಳು ಅಳಿಸಿಹೋಗಿದ್ದವು.

ಅವಳು ಹೆಸರುಗಳನ್ನು ಹಾಳೆಯಲ್ಲಿ ಬರೆದುಕೊಂಡಳು. ನಾನು ಮಾತ್ರೆ ಕಟ್ಟಿಕೊಟ್ಟೆ. ಮಧ್ಯಾಹ್ನದ ಬಸ್ಸು ಆಗಲೇ ಹೊರಟುಹೋಗಿತ್ತು. ಸ್ನೇಹಿತನ ಬೈಕು ಇಸಿದುಕೊಂಡ ಶಿವಣ್ಣ ಅವಳ ಮುಂದೆ ತಂದು ನಿಲ್ಲಿಸಿದ. ಬೆಳಿಗ್ಗೆ ಅವಳನ್ನು ಬಾಯಿಗೆ ಬಂದಂತೆ ಬೈದಿದ್ದವನು ಅವನೇ.

"ಅವ್ವನ ತಾವ ನನ್ನೆಂಡ್ರು ಅವ್ಳೆ," ಎಂದ. "ಬೈಕ್ ಅತ್ತಿ ಸಿಸ್ಟರ್. ಒಬ್ಬೊಬ್ರ ಮನೆಯೂ ನಾನ್ ತೋರುಸ್ತೀನಿ."