ಬುಗುರಿ ಕೂತರೆ ಬರುವ ಸದ್ದು

"ಕಾಲು ಅಲ್ಲಾಡಿಸ್ಬೇಡ."

"ಅಲ್ಲಾಡಿಸ್ತಿಲ್ಲ ಅಪ್ಪಾ."

"ಹಾಗಾದ್ರೆ ಕಟಕಟ ಅಂತಿರೋದು ಯಾರು?"

ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದ ಬುಗುರಿ ತನ್ನ ಕಾಲುಗಳನ್ನು ನೋಡಿಕೊಂಡಳು. ಎರಡೂ ಸುಮ್ಮನಿದ್ದವು. ಆದರೂ ಇರಲಿ ಎಂದು ಶೂಗಳನ್ನು ಸೀಟಿನ ಕಡೆಗೆ ಎಳೆದುಕೊಂಡಳು. ಅಪ್ಪ ಅದನ್ನು ಕನ್ನಡಿಯಲ್ಲಿ ನೋಡಿಬಿಟ್ಟ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

"ಹ್ಞಾಂ, ಗೊತ್ತಾಯ್ತು ಬಿಡು," ಅಂದ ಅಪ್ಪ.

ಸದ್ದು ಮಾತ್ರ ನಿಲ್ಲಲಿಲ್ಲ. ಸ್ಕೂಲಿನ ಗೇಟಿನವರೆಗೂ ಕಟಕಟಕಟ ಎಂದು ಜೊತೆಗೇ ಬಂತು.

ಅವಳು ಕೂತಲ್ಲಿ ಕೂರುವ ಹುಡುಗಿಯಲ್ಲ ಎನ್ನುವುದು ನಿಜ. ಅದಕ್ಕೇ ಮನೆಯಲ್ಲಿ ಎಲ್ಲರೂ ಅವಳನ್ನು ಬುಗುರಿ ಅಂತಲೇ ಕರೆಯುವುದು. ಹಾಗಂತ ಮನೆಯಲ್ಲಿ ಕೇಳುವ ಸದ್ದೆಲ್ಲ ಅವಳದೇ ಆಗಬೇಕೆಂದೇನಿಲ್ಲ. ಇದನ್ನು ಅಪ್ಪನಿಗೆ ಹೇಳುವುದು ಕಷ್ಟ, ಯಾಕೆಂದರೆ ಅಪ್ಪನ ಕೆಲಸವೇ ಅಂಥದ್ದು. ಅವನ ಆಫೀಸಿನಲ್ಲಿ ಏನಾದರೂ ಕೆಟ್ಟರೆ, ಒಡೆದರೆ, ಕಳೆದರೆ ಅದನ್ನು ಸರಿ ಮಾಡುವವರು ಬೇರೆ. ತಪ್ಪು ಯಾರದು ಎಂದು ವಿಚಾರಣೆ ಮಾಡುವವನು ಅಪ್ಪ. ಒಮ್ಮೆ ಲಿಫ್ಟ್ ನಡುವೆ ನಿಂತುಹೋದಾಗ, ಒಳಗಿದ್ದವರನ್ನು ಹೊರಗೆ ತೆಗೆಯುವ ಮೊದಲೇ ಬಾಗಿಲ ಸಂದಿಯಿಂದ "ಕೊನೆಗೆ ಬಟನ್ ಒತ್ತಿದ್ದು ಯಾರು?" ಎಂದು ಕೇಳಿದ್ದನಂತೆ. ಇದನ್ನು ಬೇರೆ ಯಾರೋ ಆಡಿಕೊಂಡದ್ದಲ್ಲ, ಅಪ್ಪನೇ ಹೆಮ್ಮೆಯಿಂದ ಹೇಳಿದ್ದು.

ಆ ಸಂಜೆ ಊಟದ ಮೇಜಿನ ಮುಂದೆ ಅಪ್ಪ ಕಾರಿನ ವಿಚಾರಣೆಯನ್ನು ಮುಗಿಸಿಯೇಬಿಟ್ಟ.

"ನಾನೊಬ್ನೇ ಆಫೀಸಿಗೆ ಹೋದಾಗ ಸದ್ದಿಲ್ಲ. ನಾವಿಬ್ರೂ ಮಾರ್ಕೆಟ್ಟಿಗೆ ಹೋದಾಗ ಸದ್ದಿತ್ತಾ?" ಎಂದು ಅಮ್ಮನನ್ನು ಕೇಳಿದ.

"ಇರ್ಲಿಲ್ಲ," ಅಂದಳು ಅಮ್ಮ.

"ಬುಗುರಿ ಕೂತಾಗ?"

"ಕಟಕಟ ಅಂತಿತ್ತು."

"ಮುಗೀತಲ್ಲ. ಸದ್ದು ಕಾರಿನದಲ್ಲ, ಇವಳದು. ಸೀಟಿಗೆ ಒದ್ದು ಒದ್ದು ಒಳಗೇನೋ ಸಡಿಲ ಮಾಡಿದಾಳೆ. ಇವಳು ಕೂತ ತಕ್ಷಣ ಅದು ಅಲ್ಲಾಡೋಕೆ ಶುರು. ಸೋಮವಾರದಿಂದ ಸ್ಕೂಲ್ ವ್ಯಾನಲ್ಲಿ ಹೋಗ್ಲಿ."

ಬುಗುರಿಯ ಕೈಯಲ್ಲಿದ್ದ ತುತ್ತು ತಟ್ಟೆಗೆ ವಾಪಸ್ ಹೋಯಿತು.

ವ್ಯಾನ್ ಅಂದರೆ ಅವಳಿಗೆ ಹೊಟ್ಟೆ ತೊಳೆಸುತ್ತಿತ್ತು, ಬರೀ ಮಾತಿಗಲ್ಲ, ನಿಜವಾಗಿಯೂ. ಹೋದ ವರ್ಷ ಸ್ವಲ್ಪ ದಿನ ಅದರಲ್ಲಿ ಹೋಗಿದ್ದಳು. ಹೊಗೆ, ಧೂಳು, ಹದಿನೆಂಟು ಟಿಫಿನ್ ಬಾಕ್ಸುಗಳ ವಾಸನೆ. ಕಿಟಕಿ ಪಕ್ಕದ ಸೀಟು ಯಾವಾಗಲೂ ದೊಡ್ಡ ಕ್ಲಾಸಿನವರಿಗೆ. ದಿನಾ ವಾಂತಿ. ಆಗ ಮಕ್ಕಳು ಅವಳಿಗೆ 'ಫೌಂಟನ್' ಎಂದು ಹೆಸರಿಟ್ಟಿದ್ದರು. ಆ ಹೆಸರು ಮರೆತುಹೋಗಲು ಒಂದು ವರ್ಷ ಬೇಕಾಯಿತು. ಈಗ ಮತ್ತೆ ವ್ಯಾನ್ ಹತ್ತಿದರೆ ಎಲ್ಲರಿಗೂ ಒಂದೇ ದಿನದಲ್ಲಿ ನೆನಪಾಗುತ್ತದೆ.

"ಅವಳಿಗೆ ವ್ಯಾನ್ ಆಗಲ್ಲ ಕಣೋ," ಅಂದಳು ಅಜ್ಜಿ. ಅಜ್ಜಿ ಅಪ್ಪನ ಅಮ್ಮ. ಮನೆಯಲ್ಲಿ ಅಪ್ಪನನ್ನು ವಿಚಾರಣೆ ಮಾಡುವ ಧೈರ್ಯ ಇದ್ದದ್ದು ಅವಳೊಬ್ಬಳಿಗೇ.

"ಅಭ್ಯಾಸ ಆಗುತ್ತೆ ಬಿಡಮ್ಮ."

ಕಾರಿನಲ್ಲಿ ಬುಗುರಿಗೆ ವಾಂತಿ ಬರುತ್ತಿರಲಿಲ್ಲ. ಅದಕ್ಕೆ ಕಾರಣ ಎಸಿ. ಗಾಜು ಮುಚ್ಚಿ, ತಣ್ಣನೆ ಗಾಳಿ ಮುಖಕ್ಕೆ ಬಡಿಯುತ್ತಿದ್ದರೆ ಹೊಟ್ಟೆ ತೆಪ್ಪಗಿರುತ್ತಿತ್ತು. ಅವಳು ಕೂತಾಗ ಎಸಿ ಹಾಕಲೇಬೇಕು ಎಂಬುದು ಅಮ್ಮನ ಕಟ್ಟಪ್ಪಣೆ. ಇಲ್ಲದಿದ್ದರೆ ಅಪ್ಪ ಎಸಿ ಮುಟ್ಟುವವನೇ ಅಲ್ಲ. "ಎಸಿ ಅಂದ್ರೆ ಮನೇಲಿ ಕೂತು ಪೆಟ್ರೋಲ್ ಕುಡಿಯೋ ನೆಂಟ ಇದ್ದ ಹಾಗೆ," ಎನ್ನುತ್ತಿದ್ದ. ಕಾರು ನಿಂತರೆ ಸಾಕು, ಹ್ಯಾಂಡ್‌ಬ್ರೇಕಿಗಿಂತ ಮೊದಲು ಅವನ ಕೈ ಎಸಿ ಬಟನ್ನಿಗೆ ಹೋಗುತ್ತಿತ್ತು.

ಮರುದಿನ ಸಂಜೆ ಅಪ್ಪ ಮನೆ ಮುಂದೆ ಕಾರಿನ ಬಾನೆಟ್ ಎತ್ತಿ, ಎಂಜಿನ್ ಆನ್ ಮಾಡಿ ನಿಂತ. ಎತ್ತಿದ ಬಾನೆಟ್ ಕಂಡರೆ ಯಾರಿಗೂ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಮೇಲಿನ ಮನೆಯ ಹಲ್ಲಿನ ಡಾಕ್ಟರು ಇಳಿದು ಬಂದರು. ಎದುರು ಮನೆಯ ಸಂಗೀತದ ಮೇಷ್ಟ್ರು ಚಪ್ಪಲಿ ಮೆಟ್ಟಿಕೊಂಡು ಬಂದರು.

ಎಂಜಿನ್ ಸುಮ್ಮನೆ ಗುರ್ ಎನ್ನುತ್ತಿತ್ತು. ಕಟಕಟ ಇರಲೇ ಇಲ್ಲ.

ಹಲ್ಲಿನ ಡಾಕ್ಟರು ಮೊಬೈಲಿನ ಟಾರ್ಚ್ ಬಿಟ್ಟು ಒಳಗೆ ಇಣುಕಿದರು. "ಒಳಗೆ ಯಾವುದೋ ಒಂದು ಸಡಿಲ ಆಗಿದೆ. ಈಗ ತೊಂದ್ರೆ ಇಲ್ಲ ಅಂತ ಬಿಟ್ರೆ, ಆಮೇಲೆ ಕೀಳೋದೇ ಗತಿ," ಅಂದರು.

ಸಂಗೀತದ ಮೇಷ್ಟ್ರು ಕಣ್ಣು ಮುಚ್ಚಿ ಕೇಳಿದರು. "ಕಂಠ ಚೆನ್ನಾಗಿದೆ. ಶ್ರುತಿ ಸ್ವಲ್ಪ ಇಳಿದಿದೆ ಅಷ್ಟೆ. ದಿನಾ ಬೆಳಗ್ಗೆ ಎದ್ದು ಸ್ವಲ್ಪ ಹೊತ್ತು ಓಡಿಸಿ, ಸರಿಹೋಗುತ್ತೆ."

"ಆದ್ರೆ ಈಗ ಸದ್ದೇ ಬರ್ತಿಲ್ವಲ್ಲ," ಅಂದ ಅಪ್ಪ.

"ಅದೇ ನಾನೂ ಹೇಳ್ತಿರೋದು," ಎಂದು ಇಬ್ಬರೂ ತಲೆಯಾಡಿಸಿದರು.

ಇಲ್ಲದ ಸದ್ದಿಗೆ ಹೀಗೆ ಎರಡೆರಡು ಔಷಧ ಸಿಕ್ಕಿದ ಮೇಲೆ ಅಪ್ಪ ಬುಗುರಿಯನ್ನು ಕರೆದ. "ಬಾ, ಹಿಂದೆ ಕೂತ್ಕೋ."

ಬುಗುರಿ ಕೂತಳು. ಎಲ್ಲರೂ ಕಿವಿ ನಿಮಿರಿಸಿದರು. ಸದ್ದು ಬರಲಿಲ್ಲ.

"ನೋಡಿದ್ರಾ," ಅಂದ ಅಪ್ಪ. "ಎಲ್ಲರೂ ಇದಾರೆ ಅಂತ ಸುಮ್ನೆ ಕೂತಿದಾಳೆ."

ಬುಗುರಿಗೆ ರೇಗಿಹೋಯಿತು. ಸದ್ದು ಬಂದರೆ ಅವಳೇ ಮಾಡಿದ್ದು. ಬರದಿದ್ದರೆ ಅವಳು ಬೇಕೆಂದೇ ಮಾಡಲಿಲ್ಲ. ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತಂತೆ, ಆ ಮೇಕೆಗೆ ಮೊಸರಿನ ವಾಸನೆಯಾದರೂ ಸಿಕ್ಕಿತ್ತು.

ಗುರುವಾರ ಅಜ್ಜಿಯನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು. ಸ್ಕೂಲಿನಿಂದ ಬರುತ್ತಲೇ ಬುಗುರಿಯೂ ಹೊರಟಳು. ಕಾರಿನಲ್ಲಿ ಚಕ್ಕಳಮಕ್ಕಳ ಹಾಕಿಕೊಂಡು, ಬ್ಯಾಗನ್ನು ತಬ್ಬಿಕೊಂಡು ಗೊಂಬೆಯ ಹಾಗೆ ಕೂತಳು. ಆದರೂ ಕಟಕಟ ಬಂದೇ ಬಂತು. ಅಪ್ಪ ಕನ್ನಡಿಯಲ್ಲಿ ಅವಳನ್ನೇ ನೋಡಿದ.

"ಯಪ್ಪಾ, ಚಳಿ. ಅದನ್ನ ಆರಿಸೋ," ಅಂದಳು ಅಜ್ಜಿ.

ಅಪ್ಪ ಎರಡನೇ ಸಲ ಹೇಳಿಸಿಕೊಳ್ಳದೆ ಎಸಿ ಆರಿಸಿದ. ಕಟಕಟ ನಿಂತಿತು.

ಬುಗುರಿ ಬ್ಯಾಗಿನ ಮೇಲಿಂದ ಗದ್ದ ಎತ್ತಿದಳು. ಎರಡು ತಿರುವು ದಾಟುವಷ್ಟರಲ್ಲಿ ಅವಳ ಹೊಟ್ಟೆ ಕಲಸತೊಡಗಿತು. "ಅಪ್ಪಾ, ಎಸಿ," ಅಂದಳು. ಅಪ್ಪ ನಿಟ್ಟುಸಿರು ಬಿಟ್ಟು ಬಟನ್ ಒತ್ತಿದ. ಮುಂದೆ ಬಾನೆಟ್ಟಿನೊಳಗೆ 'ಟಕ್' ಎಂದು ಏನೋ ಹಿಡಿದುಕೊಂಡಿತು. ತಣ್ಣನೆ ಗಾಳಿ ಬಂತು. ಗಾಳಿಯ ಹಿಂದೆಯೇ ಕಟಕಟಕಟ.

ಸಿಕ್ಕಿತು. ಸದ್ದು ಮಾಡುತ್ತಿದ್ದದ್ದು ಎಸಿ. ಬುಗುರಿ ಕೂತಾಗ ಮಾತ್ರ ಎಸಿ ಹಾಕುತ್ತಾರೆ, ಅದಕ್ಕೇ ಬುಗುರಿ ಕೂತಾಗ ಮಾತ್ರ ಸದ್ದು. ಬಾನೆಟ್ ಎತ್ತಿದಾಗ ಎಸಿ ಆಫ್, ಅದಕ್ಕೇ ಯಾರಿಗೂ ಏನೂ ಕೇಳಿಸಿರಲಿಲ್ಲ.

ಹೇಳಲು ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ಹೇಳಿದರೆ ಅಪ್ಪ ಏನು ಮಾಡುತ್ತಾನೆ ಎನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. "ಓ, ಎಸಿನಾ? ಸರಿ, ಇನ್ಮೇಲೆ ಎಸಿ ಬೇಡ," ಎನ್ನುತ್ತಾನೆ. ಆಮೇಲೆ ಕಾರಿನಲ್ಲೂ ವಾಂತಿ. ಹೇಳದಿದ್ದರೆ ಸೋಮವಾರದಿಂದ ವ್ಯಾನಿನಲ್ಲಿ ವಾಂತಿ. ಅತ್ತ ದರಿ, ಇತ್ತ ಪುಲಿ. ಟೀಚರ್ ಈ ಗಾದೆಯನ್ನು ಕ್ಲಾಸಿನಲ್ಲಿ ಬರೆಸಿದಾಗ, ಆ ಮನುಷ್ಯ ಅಲ್ಲಿಗೆ ಯಾಕೆ ಹೋದ ಎಂದು ಬುಗುರಿ ನಕ್ಕಿದ್ದಳು. ಈಗ ನಗು ಬರಲಿಲ್ಲ.

ಅಮ್ಮನಿಗೆ ಹೇಳೋಣವೆಂದರೆ ಅಮ್ಮ ಹೋಗಿ ಅಪ್ಪನಿಗೇ ಹೇಳುತ್ತಾಳೆ. ಹೀಗಾಗಿ ಬುಗುರಿ ತುಟಿ ಪಿಟಕ್ಕೆನ್ನದೆ ಗುಟ್ಟನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಳು. ಅಲ್ಲಿ ಮೊದಲೇ ಜಾಗ ಕಡಿಮೆ ಇತ್ತು.

ಶನಿವಾರ ಅಪ್ಪ ಕಾರನ್ನು ಮೆಕ್ಯಾನಿಕ್ ಹತ್ತಿರ ಒಯ್ಯಲು ಹೊರಟ. "ನೀನೂ ಬಾ," ಎಂದು ಬುಗುರಿಯನ್ನು ಕರೆದ.

"ಅವಳ್ಯಾಕೆ ರೀ ಅಲ್ಲಿಗೆ?" ಅಂದಳು ಅಮ್ಮ.

"ಇವಳಿಲ್ದೆ ಸದ್ದು ಹೇಗೆ ತೋರಿಸ್ಲಿ? ಸ್ಯಾಂಪಲ್ ಬೇಕಲ್ಲ."

ದಾರಿಯುದ್ದಕ್ಕೂ ಎಸಿ ಇತ್ತು, ಕಟಕಟವೂ ಇತ್ತು. ಗ್ಯಾರೇಜಿನ ಮುಂದೆ ಅಪ್ಪ ಎಂದಿನಂತೆ ಎಸಿ ಆರಿಸಿದ. ಸದ್ದೂ ಆರಿತು.

ಗ್ಯಾರೇಜಿನಲ್ಲಿ ಹಳೇ ಟೈರುಗಳು ಒಂದರ ಮೇಲೊಂದು ಕೂತಿದ್ದವು. ನೆಲಕ್ಕೆ ಹಾಸಿದ ರಟ್ಟಿನ ಮೇಲೆ ಆಯಿಲಿನ ಕಲೆ. ಮೆಕ್ಯಾನಿಕ್ ದಪ್ಪ ಮೀಸೆಯವನು. ಕೈ ಒರೆಸಿಕೊಳ್ಳುತ್ತ ಬಂದು, ಅಪ್ಪ ಹೇಳಿದ್ದನ್ನು ಅರ್ಧ ಕೇಳಿಸಿಕೊಂಡು, "ಎಂಜಿನ್ ಇಳಿಸ್ಬೇಕಾಗುತ್ತೆ ಸಾರ್," ಅಂದ.

"ಸದ್ದು ಏನು ಅಂತ ನೀವಿನ್ನೂ ಕೇಳೇ ಇಲ್ವಲ್ಲ."

"ಕೇಳ್ತಾ ಕೂತ್ರೆ ಬರೀ ಡೌಟು ಸಾರ್. ಇಳಿಸಿದ್ರೆ ಗೊತ್ತಾಗುತ್ತೆ."

ಅಪ್ಪ ಒಪ್ಪದಿದ್ದಾಗ ಅವನೇ ಕಾರು ಓಡಿಸಿ ನೋಡಲು ಕೂತ. ಚೆನ್ನಾಗಿ ಕೇಳಿಸಲಿ ಎಂದು ನಾಲ್ಕೂ ಗಾಜು ಇಳಿಸಿದ. ಗಾಜು ಇಳಿಸಿದ ಮೇಲೆ ಎಸಿ ಯಾಕೆ ಹಾಕುತ್ತಾನೆ? ಬೀದಿಯ ಆ ತುದಿಗೆ ಹೋಗಿ ಬಂದರು. ಏನೂ ಇಲ್ಲ. ಬುಗುರಿಯನ್ನು ಎಡಕ್ಕೆ ಕೂರಿಸಿ ನೋಡಿದರು, ಬಲಕ್ಕೆ ಕೂರಿಸಿ ನೋಡಿದರು. ಅವಳ ಹೊಟ್ಟೆ ಬಿಟ್ಟರೆ ಬೇರೆ ಏನೂ ಸದ್ದು ಮಾಡಲಿಲ್ಲ.

"ಇವಳು ಕೂತಾಗ್ಲೇ ಬರೋದು, ನಿಜವಾಗ್ಲೂ," ಅಂದ ಅಪ್ಪ.

ಮೆಕ್ಯಾನಿಕ್ ಎಂಜಿನ್ ಆರಿಸದೆ ಕಾರಿನಿಂದಿಳಿದು ಬುಗುರಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. "ಇದು ಜೀವ ಇರೋ ಪಾರ್ಟು ಸಾರ್. ಚೇಂಜ್ ಮಾಡೋಕಾಗಲ್ಲ."

ಗ್ಯಾರೇಜಿನಲ್ಲಿದ್ದವರೆಲ್ಲ ನಕ್ಕರು. ಅಪ್ಪನೂ ನಕ್ಕ.

ಬೇರೆಯವರು ನಕ್ಕದ್ದಕ್ಕೆ ಬುಗುರಿಗೆ ಏನೂ ಅನ್ನಿಸಲಿಲ್ಲ. ಅಪ್ಪ ನಕ್ಕದ್ದಕ್ಕೆ ಕಣ್ಣು ತುಂಬಿ ಬಂತು. ಫೌಂಟನ್ ಅನ್ನಿಸಿಕೊಳ್ಳುವುದಕ್ಕಿಂತ ಇದು ಕೆಟ್ಟದಾಗಿತ್ತು.

"ಎಸಿ ಹಾಕಿ," ಅಂದಳು.

"ಏನು?"

"ಎಸಿ ಹಾಕಿ ನೋಡಿ, ಬರುತ್ತೆ. ನಾನು ಕಾರಲ್ಲಿ ಕೂರೋದೂ ಇಲ್ಲ."

ಅವಳು ಇಳಿದು ಟೈರುಗಳ ಪಕ್ಕ ದೂರ ಹೋಗಿ ನಿಂತಳು. ಮೆಕ್ಯಾನಿಕ್ ಕಿಟಕಿಯಿಂದ ಕೈ ಹಾಕಿ ಬಟನ್ ಒತ್ತಿದ. ಟಕ್. ಆಮೇಲೆ ಕಟಕಟಕಟ. ಕಾರಿನಲ್ಲಿ ಒಬ್ಬರೂ ಇರಲಿಲ್ಲ. ಅವನು ಎಸಿ ಆರಿಸಿದ, ನಿಂತಿತು. ಮತ್ತೆ ಒತ್ತಿದ, ಬಂತು.

"ನಂಗೆ ಆಗ್ಲೇ ಅನ್ನಿಸ್ತು," ಅಂದ ಮೆಕ್ಯಾನಿಕ್.

ಅಪ್ಪ ಗದ್ದ ಕೆರೆದುಕೊಂಡ. ಆಮೇಲೆ, ಬುಗುರಿ ಗುರುವಾರದಿಂದ ಹೆದರಿಕೊಂಡಿದ್ದ ಮಾತನ್ನು ಒಂದಕ್ಷರ ಬಿಡದೆ ಹೇಳಿದ. "ಓ, ಎಸಿನಾ? ಸರಿ, ಇನ್ಮೇಲೆ ಎಸಿ ಬೇಡ. ಸದ್ದೂ ಇಲ್ಲ, ಖರ್ಚೂ ಇಲ್ಲ."

"ನಂಗೊತ್ತಿತ್ತು," ಅಂದಳು ಬುಗುರಿ. "ನೀನು ಹಾಗೇ ಅಂತೀಯ ಅಂತ ಗೊತ್ತಿತ್ತು. ಅದಕ್ಕೇ ಹೇಳಿರ್ಲಿಲ್ಲ."

"ಯಾವಾಗಿಂದ ಗೊತ್ತು ನಿಂಗೆ?"

"ಅಜ್ಜಿ ಜೊತೆ ಆಸ್ಪತ್ರೆಗೆ ಹೋದಾಗಿಂದ. ಎಸಿ ಇಲ್ದಿದ್ರೆ ನಂಗೆ ವಾಂತಿ ಬರುತ್ತೆ. ವ್ಯಾನಲ್ಲೂ ಬರುತ್ತೆ. ಹೇಳಿದ್ರೂ ವಾಂತಿ, ಹೇಳದಿದ್ರೂ ವಾಂತಿ. ನಾನೇನು ಮಾಡ್ಲಿ?"

ಅಪ್ಪ ಕಾರನ್ನು ನೋಡಿದ, ಬುಗುರಿಯನ್ನು ನೋಡಿದ. ನಾಲ್ಕೂ ಗಾಜು ಇಳಿದ ಕಾರಿನಲ್ಲಿ ಅಷ್ಟು ಹೊತ್ತು ಸುತ್ತಿ ಬಂದ ಅವಳ ಮುಖ ಬಿಳಿಚಿಕೊಂಡಿದ್ದು ಅವನಿಗೆ ಆಗಷ್ಟೇ ಕಂಡಿತು.

ಅಷ್ಟರಲ್ಲಿ ಮೆಕ್ಯಾನಿಕ್ ಬಾನೆಟ್ ಎತ್ತಿದ್ದ. ಅಲ್ಲಿ ಒಂದೊಂದನ್ನೇ ಕೈಯಲ್ಲಿ ಒತ್ತಿ ಹಿಡಿಯುತ್ತ ಬಂದ. ಬೆರಳು ದಪ್ಪದ ಒಂದು ಪೈಪನ್ನು ಹಿಡಿದಾಗ ಕಟಕಟ ನಿಂತಿತು. ಕೈ ಬಿಟ್ಟಾಗ ಶುರುವಾಯಿತು. ಎಸಿಯ ಪೈಪಂತೆ ಅದು. ಪೈಪನ್ನು ಹಿಡಿದಿಡುವ ಕ್ಲಿಪ್ಪಿನಲ್ಲಿ ರಬ್ಬರ್ ಇರಲಿಲ್ಲ. ಎಸಿ ಹಾಕಿದಾಗ ಪೈಪು ನಡುಗಿ ಪಕ್ಕದ ತಗಡಿಗೆ ಬಡಿಯುತ್ತಿತ್ತು, ಅಷ್ಟೆ. ಬೆಟ್ಟ ಅಗೆದು ಇಲಿ ಹಿಡಿದಂತಾಯಿತು.

"ರಬ್ಬರೇ ಇಲ್ಲ ಸಾರ್," ಅಂದ ಮೆಕ್ಯಾನಿಕ್.

ಅಪ್ಪ ಬಾಯಿ ತೆರೆದ. ಯಾರು ತೆಗೆದಿದ್ದು ಎಂದು ಈಗ ಕೇಳುತ್ತಾನೆ ಅಂದುಕೊಂಡಳು ಬುಗುರಿ. ಅವನು ಕೇಳಲಿಲ್ಲ. "ಹಾಕ್ಬಿಡಿ," ಅಂದ ಮೆಲ್ಲಗೆ. "ಎಸಿ ಬೇಕು."

ಹಳೇ ಟ್ಯೂಬಿನಿಂದ ಕತ್ತರಿಸಿದ ಒಂದು ತುಂಡು ರಬ್ಬರ್ ಸುತ್ತಿ ಕ್ಲಿಪ್ ಬಿಗಿದದ್ದಾಯಿತು. ಮನೆಗೆ ಬರುವಾಗ ಕಾರಿನಲ್ಲಿ ತಣ್ಣನೆ ಗಾಳಿ ಮಾತ್ರ ಇತ್ತು.

ಮನೆಯ ಮುಂದೆ ಇಳಿಯುವಷ್ಟರಲ್ಲಿ ಹಲ್ಲಿನ ಡಾಕ್ಟರು, ಸಂಗೀತದ ಮೇಷ್ಟ್ರು ಹಾಜರ್. ಅಮ್ಮ, ಅಜ್ಜಿಯೂ ಗೇಟಿಗೆ ಬಂದರು.

"ಸಿಕ್ತು," ಅಂದ ಅಪ್ಪ. ಜನ ಸೇರಿದ್ದನ್ನು ಕಂಡು ಅವನ ದನಿ ವಾಪಸ್ ಬಂದಿತ್ತು. "ಎಂಜಿನ್ನೇ ಇಳಿಸ್ಬೇಕು ಅಂದ ಅವನು. ತಡೀರಿ, ಎಸಿ ಹಾಕಿ ನೋಡೋಣ ಅಂದ್ವಿ ನಾವು. ಹಾಕಿದ ತಕ್ಷಣ ಸಿಕ್ಕಿಬಿತ್ತು."

"ನಾನು ಹೇಳಿರ್ಲಿಲ್ವಾ, ಯಾವುದೋ ಸಡಿಲ ಅಂತ," ಅಂದರು ಡಾಕ್ಟರು. ಮೇಷ್ಟ್ರು ಕಣ್ಣು ಮುಚ್ಚಿ, "ಈಗ ಶ್ರುತಿ ಸೇರಿದೆ," ಅಂದರು. ಎಂಜಿನ್ ಆಗಲೇ ಆಫ್ ಆಗಿತ್ತು.

'ಅಂದ್ವಿ ನಾವು' ಎನ್ನುವುದು ಬುಗುರಿಯ ಕಿವಿಗೆ ಚುಚ್ಚಿತು. ಅಂದದ್ದು ನಾನು, ನೀನು ನಗ್ತಿದ್ದೆ ಎಂದು ಎಲ್ಲರ ಮುಂದೆ ಹೇಳಲು ಅವಳು ಮುಂದೆ ಬಂದಳು.

ಆಗ ಅವಳಿಗೆ ಒಂದು ವಿಷಯ ಕಂಡಿತು. ಮಾತಾಡುವಾಗ ಎದುರಿನವರ ಕಣ್ಣಿಗೆ ಕಣ್ಣು ನೆಟ್ಟು ನೋಡುವ ಅಪ್ಪ, ಈ ಹೊತ್ತು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಮುಂದಿನ ಟೈರನ್ನು ನೋಡುತ್ತ ಮಾತಾಡುತ್ತಿದ್ದ.

"ಅದೆಲ್ಲ ಇರ್ಲಿ. ಸೋಮವಾರ ಮಗು ವ್ಯಾನಿಗೆ ಹೋಗ್ಬೇಕೋ?" ಎಂದು ಅಜ್ಜಿ ಕೇಳಿದಳು.

"ಯಾಕೆ ಹೋಗ್ಬೇಕು?" ಅಪ್ಪ ಟೈರಿಗೇ ಹೇಳಿದ. "ಅವಳಿಲ್ದೆ ಕಾರಲ್ಲಿ ಏನು ಕೆಟ್ಟಿದೆ ಅಂತ ನಂಗೆ ಹೇಗೆ ಗೊತ್ತಾಗುತ್ತೆ?"

ಡಾಕ್ಟರೂ ಮೇಷ್ಟ್ರೂ ಇದೇನೋ ತಮಾಷೆ ಎಂದು ನಕ್ಕರು. ಅಪ್ಪ ನಗಲಿಲ್ಲ. ಬುಗುರಿಯೂ ನಗಲಿಲ್ಲ. ನಾಲಿಗೆಯ ತುದಿಗೆ ಬಂದಿದ್ದ ಮಾತನ್ನು ಈಗ ಹೇಳದಿದ್ದರೂ ನಡೆಯುತ್ತದೆ ಎಂದು ಅವಳಿಗೆ ಅನ್ನಿಸಿತು. ಅಪ್ಪನಿಗೆ ಗೊತ್ತಿತ್ತು. ಅವನಿಗೆ ಗೊತ್ತಿದೆ ಎನ್ನುವುದು ಅವಳಿಗೂ ಗೊತ್ತಾಗಿತ್ತು. ಅದೂ ಅಪ್ಪನಿಗೆ ಗೊತ್ತಾಗಿರಬೇಕು, ಯಾಕೆಂದರೆ ಅವನು ಇನ್ನೂ ಅರ್ಧ ಉಳಿದಿದ್ದ ತನ್ನ ಕತೆಯನ್ನು ಅಲ್ಲಿಗೇ ಬಿಟ್ಟು, "ಬಾರೇ, ಊಟ ಮಾಡೋಣ," ಎಂದು ಅವಳಿಗಾಗಿ ಗೇಟು ಹಿಡಿದು ನಿಂತ.