ಮೆಟ್ಟಿಲು ಜಾರಿದವಳು

“ಕೈ ತೆಗಿ.”

“ತೆಗೆಯಲ್ಲ.”

“ನಾನೇ ತಾನೇ. ಒಂದೇ ಒಂದು ಸಲ.”

ಅವಳು ತಲೆಯಾಡಿಸಿ, ಬಾಯಿಗೆ ಅಡ್ಡ ಹಿಡಿದ ಅಂಗೈಯನ್ನು ಇನ್ನಷ್ಟು ಒತ್ತಿಕೊಂಡಳು. ಕಣ್ಣು ಮಾತ್ರ ಕಾಣುತ್ತಿತ್ತು. ಅದರೊಳಗೆ ಎಲ್ಲಾದರೂ ಹಳೆಯ ತುಂಟತನ ಉಳಿದಿದೆಯೇ ಎಂದು ಅವನು ಹುಡುಕಿದ. ದಂತವೈದ್ಯರ ವೇಟಿಂಗ್ ರೂಮಿನಲ್ಲಿ ಅವರಿಬ್ಬರನ್ನು ಬಿಟ್ಟರೆ ಗಾಜಿನ ತೊಟ್ಟಿಯಲ್ಲಿ ಒಂಟಿ ಮೀನೊಂದಿತ್ತು, ಅಷ್ಟೇ.

ಮೇಲಿನ ಎರಡು ಮುಂಭಾಗದ ಹಲ್ಲು ಬುಡಸಮೇತ ಹೋಗಿದ್ದವು. ಮೂಳೆಗೆ ತಿರುಪು ಕೂರಿಸಿ ಹೊಸ ಹಲ್ಲು ಕಟ್ಟಬೇಕು ಎಂದಿದ್ದರು ಡಾಕ್ಟರು. ಅವಳ ಸಂಬಳದಲ್ಲಿ ಅದು ಆಗುಹೋಗುವ ಮಾತಲ್ಲ. ಹಲ್ಲಿಲ್ಲದಿದ್ದರೆ ಸಂಬಳವೂ ಇಲ್ಲ. ಅವಳು ರೈಲು ನಿಲ್ದಾಣದಲ್ಲಿ ಅನೌನ್ಸರ್.

ಅವನು ಮೊದಲು ಮನಸೋತದ್ದೇ ಆ ದನಿಗೆ. “ಮೂರನೇ ಪ್ಲಾಟ್‌ಫಾರ್ಮಿನಲ್ಲಿ ನೀಲಿ ಕೊಡೆ ಬಿಟ್ಟುಹೋದವರು ದಯವಿಟ್ಟು ಬಂದು ತೆಗೆದುಕೊಳ್ಳಿ” ಎಂದು ಒಂದು ಸಂಜೆ ಅದು ಕರೆದಾಗ, ಇನ್ನೇನು ಹೊರಡಲಿದ್ದ ರೈಲಿನಿಂದ ಇಳಿದು ಓಡಿದ್ದ. ಆಮೇಲೆ ಬೇಕೆಂದೇ ಕೊಡೆ ಮರೆಯತೊಡಗಿದ. ಅವಳೇನು ಕಡಿಮೆಯೇ? “ಮತ್ತೆ ಬಿಟ್ಟುಹೋದವರು” ಎಂದು ಇಡೀ ನಿಲ್ದಾಣಕ್ಕೆ ಕೇಳುವಂತೆ ಸೇರಿಸತೊಡಗಿದಳು.

ಈಗ ಬಾಯಿ ತೆರೆದರೆ ಮಾತಿನ ನಡುವೆ ಗಾಳಿ ಸೋರುತ್ತಿತ್ತು.

“ಇನ್ಶೂರೆನ್ಸ್‌ನಲ್ಲಿ ಬರುತ್ತಾ?” ಎಂದಳು, ಬೆರಳುಗಳ ಸಂದಿನಿಂದ.

ನಿಲ್ದಾಣದವರ ಕ್ಲೇಮುಗಳೆಲ್ಲ ಬರುವುದು ವಿಮಾ ಕಂಪನಿಯಲ್ಲಿ ಅವನ ಮೇಜಿಗೇ. “ಬರೀ ಹಲ್ಲು ಅಂದ್ರೆ ಬರಲ್ಲ. ಹುಳುಕಾಗಲಿ, ಅಲ್ಲಾಡಲಿ, ನಮ್ಮ ಕಂಪನಿಗೆ ಸಂಬಂಧ ಇಲ್ಲ. ಅಪಘಾತದಲ್ಲಿ ಮುರಿದರೆ ಮಾತ್ರ ಬರುತ್ತೆ.”

ಕೌಂಟರಿಗೆ ಬಂದ ಬಡಪಾಯಿಗಳಿಗೆ ಯಾವ ಮಾತು ಹೇಳಿದರೆ ಕ್ಲೇಮ್ ಪಾಸಾಗುತ್ತದೆ ಎಂದು ಮೆಲ್ಲಗೆ ಹೇಳಿಕೊಡುವುದು ಅವನ ಅಭ್ಯಾಸ. ಎಷ್ಟೋ ಜನ ಅವನನ್ನು ಹರಸಿ ಹೋಗಿದ್ದರು.

“ಎಲ್ಲ ಸರಿ ಮಾಡಿದ್ದೀನಿ ಕಣೇ,” ಎಂದ. ಹಿಗ್ಗನ್ನು ಅಡಗಿಸಲು ಆಗಲಿಲ್ಲ. “ಬೆಳಗ್ಗೆ ನಿಮ್ಮಣ್ಣ ಫೋನ್ ಮಾಡಿದ್ದ.”

ಅವಳ ಹುಬ್ಬು ಗಂಟಾಯಿತು. ಮೊನ್ನೆ ಊಟಕ್ಕೆ ಕೂತಾಗ, ಮದುವೆಯಾದರೆ ಇವನನ್ನೇ ಎಂದು ಮನೆಯವರ ಮುಂದೆ ಹೇಳಿದ್ದಳು. ಅಣ್ಣ ಕೈಗೆ ಸಿಕ್ಕಿದ ಟಾರ್ಚನ್ನು ಬೀಸಿದ್ದ.

“ಫೋನಲ್ಲಿ ಅತ್ತುಬಿಟ್ಟ, ಪಾಪ. ಮದುವೆಗೂ ಒಪ್ಪಿದ. ‘ಮೆಟ್ಟಿಲು ಜಾರಿ ಬಿದ್ದಳು ಅಂತ ಬರೆದುಬಿಡು, ಇವತ್ತಿಂದ ನೀನು ನಮ್ಮ ಮನೆಯವನು’ ಅಂದ.”

“ನೀನೇನಂದೆ?”

“ಸರಿ ಅಂದೆ.”

“ತಕ್ಷಣ?”

ಅವನು ನಕ್ಕ. “ಇಂಥದ್ದಕ್ಕೆ ಯೋಚನೆ ಮಾಡ್ತಾರಾ? ಹಲ್ಲೂ ಬಂತು, ನೀನೂ ಬಂದೆ.”

ಅವಳು ನಗಲಿಲ್ಲ. “ಹೊಡೆದ ಅಂತ ಬರೆದರೆ ದುಡ್ಡು ಬರಲ್ವಾ?”

ಅವನು ಮೀನಿನ ಕಡೆ ತಿರುಗಿದ. “ಬರುತ್ತೆ. ಆದರೆ ಪೊಲೀಸ್ ದೂರು ಕೊಡಬೇಕು. ಏನೇ ಆದರೂ ಒಡಹುಟ್ಟಿದವನು. ಸುಮ್ಮನೆ ಯಾಕೆ ರಾದ್ಧಾಂತ?”

“ಅಮ್ಮನಿಗೆ ಎಡಗಿವಿ ಕೇಳಿಸಲ್ಲ, ಗೊತ್ತಲ್ಲ?”

“ಗೊತ್ತು. ಬಾಗಿಲು ಬಡಿದದ್ದು.”

“ಬಾಗಿಲು ಅಂದವನು ಅಪ್ಪ. ಹೇಳೀ ಹೇಳೀ ಅಮ್ಮನೂ ಅದನ್ನೇ ನಂಬಿಬಿಟ್ಟಳು. ಈಗಲೂ ಆ ಬಾಗಿಲಿಗೇ ಬಯ್ತಾಳೆ.”

ಒಳಗಿನಿಂದ ನರ್ಸ್ ಇಣುಕಿ, ಪೆನ್ನು ಹಿಡಿದುಕೊಂಡೇ ಕೇಳಿದಳು: “ಹಲ್ಲು ಹೇಗೆ ಮುರೀತು ಅಂತ ಬರ್ಕೊಳ್ಳಲಿ?”

ಅವನು ಅಭ್ಯಾಸಬಲದಿಂದ ಬಾಯಿ ತೆರೆದ. “ಮೆಟ್ಟಿಲು...”

“ನಾನು ಬೀಳಲಿಲ್ಲ,” ಎಂದಳು ಅವಳು.

ನರ್ಸ್ ಇಬ್ಬರನ್ನೂ ನೋಡಿ, “ಮಾತಾಡ್ಕೊಂಡು ಹೇಳಿ” ಎಂದು ಒಳಸರಿದಳು.

ಅವನು ಅವಳ ಪಕ್ಕಕ್ಕೆ ಸರಿದು ಪಿಸುಗುಟ್ಟಿದ. “ನಿನ್ನ ದನಿ ವಾಪಸ್ ಬರಬೇಕು ಅಂತಲೇ ಹೇಳ್ತಿರೋದು. ಬೇಡ್ವಾ?”

“ಬೇಕು.”

“ಮತ್ತೆ? ಒಂದು ಮಾತು ಕಣೇ. ಮುಂದಿನ ತಿಂಗಳೇ ಮದುವೆ. ಅಣ್ಣನೇ ಮುಂದೆ ನಿಂತು ಮಾಡ್ತಾನಂತೆ.”

ಅವಳು ಬಾಯಿಂದ ಕೈ ತೆಗೆದಳು. ಹರಿದ ತುಟಿಯ ಹೊಲಿಗೆ, ಊದಿದ ವಸಡು, ನಡುವೆ ಕಪ್ಪು ಖಾಲಿ. ಅವನ ಕಣ್ಣು ತಾನಾಗಿ ಮೀನಿನತ್ತ ಜಾರಿತು. ಅವನು ನೋಡುವವರೆಗೂ ಅವಳು ಕಾದಳು.

“ಬೇಡ,” ಎಂದಳು.