ಮೇಷ್ಟ್ರ ನೋಟ್‌ಬುಕ್ಕಿನ ಮೊದಲ ಪುಟ

"ಈ ಕೀರ್ತನೆಯಲ್ಲಿ ಯೇಸು ಎಲ್ಲೂ ಇಲ್ಲ."

ಅವಳ ಕೈಯಲ್ಲಿದ್ದ ಕೆಂಪು ಪೆನ್ನು ಅರ್ಧ ಗೆರೆಯಲ್ಲೇ ನಿಂತಿತು. ಮುದ್ರಣಾಲಯದ ಪ್ರೂಫ್ ಕೋಣೆಗೆ ಈ ಮನುಷ್ಯ ಬಂದು ಹತ್ತು ನಿಮಿಷವಾಗಿರಲಿಲ್ಲ, ಕುರ್ಚಿಯನ್ನೂ ಸರಿಯಾಗಿ ಎಳೆದುಕೊಂಡಿರಲಿಲ್ಲ!

"ಮತ್ತೆ ಯಾರಿದ್ದಾರೆ?" ಎಂದು ಕೇಳಿದಳು.

"ಒಬ್ಬ ರಾಜ. ಅವನ ಮದುವೆ. ಆಸ್ಥಾನದ ಕವಿ ಹೊಗಳೋ ಭರದಲ್ಲಿ ಅವನನ್ನ ದೇವರೇ ಅಂತ ಕರೆದಿದ್ದಾನೆ, ಅಷ್ಟೇ. ನಿಮ್ಮ ಲೇಖಕರು ಅದನ್ನೇ ಹಿಡ್ಕೊಂಡು ಯೇಸುವೇ ದೇವರು ಅಂತ..."

"ನಮ್ಮ ಲೇಖಕರು ನಮ್ಮಪ್ಪ."

ಅವರ ಮುಖ ಕಿವಿಯವರೆಗೂ ಕೆಂಪಾಯಿತು. ಕ್ಷಮಿಸಿ ಎನ್ನಲು ಬಾಯಿ ತೆರೆದರು, ಏನೂ ಹೊರಡಲಿಲ್ಲ. ಅವಳೂ ಸಹಾಯ ಮಾಡಲಿಲ್ಲ. ಮೂಗಿನ ತುದಿಯಲ್ಲೇ ಕೋಪವಿರುವ ಹುಡುಗಿ ಅವಳು.

ಅಪ್ಪ ನಿವೃತ್ತ ಪಾದ್ರಿ. ಯೇಸು ಹುಟ್ಟುವುದಕ್ಕೆ ನೂರಾರು ವರ್ಷ ಮೊದಲೇ ಹೀಬ್ರೂ ಭಾಷೆಯಲ್ಲಿ ಹಾಡಿದ ಬೈಬಲ್ಲಿನ ಕೀರ್ತನೆಗಳಲ್ಲಿ, ಬರಲಿರುವವನು ಬರೀ ಮನುಷ್ಯನಲ್ಲ, ದೇವರೇ ಎಂಬುದರ ಗುರುತುಗಳನ್ನು ಹುಡುಕಿ ಬರೆದ ಪುಸ್ತಕ ಅವರದು. ಹೀಬ್ರೂ ಪದಗಳನ್ನು ಪರಿಶೀಲಿಸಲು ಮುದ್ರಣಾಲಯದವರು ಕರೆಸಿದ್ದು ಈ ಹೀಬ್ರೂ ಮೇಷ್ಟ್ರನ್ನು. ಅಕ್ಷರ ತಿದ್ದುವ ಕೆಲಸ ಅವಳದು. ಅಪ್ಪ ಬರೆದು ಮುಗಿಸಿದ್ದನ್ನು ಮುಗಿಸಿದಂತೆ ಕಳಿಸುತ್ತಿದ್ದರಿಂದ ಅಧ್ಯಾಯಗಳಿಗೆ ಹಿಂದುಮುಂದೆಂಬುದೇ ಇರಲಿಲ್ಲ.

ಪ್ರೂಫ್ ನೋಡುವುದೆಂದರೆ ಇಬ್ಬರ ಕೆಲಸ. ಅವಳು ಅಪ್ಪನ ಕೈಬರಹವನ್ನು ಗಟ್ಟಿಯಾಗಿ ಓದಬೇಕು, ಎದುರು ಕುಳಿತ ಮೇಷ್ಟ್ರು ಅಚ್ಚಾದ ಹಾಳೆಯಲ್ಲಿ ಬೆರಳಿಟ್ಟು ಹಿಂಬಾಲಿಸಬೇಕು. ಅಲ್ಪವಿರಾಮವನ್ನೂ ಬಾಯಿಬಿಟ್ಟೇ ಹೇಳಬೇಕು. "ದೇವರು ಅಲ್ಪವಿರಾಮ ಆತನ ಅಭಿಷಿಕ್ತನು ಅಲ್ಪವಿರಾಮ" ಎಂದು ದಿನವಿಡೀ ಓದುವ ಹೆಣ್ಣಿನ ದನಿಗೆ ಯಾರಾದರೂ ಸೋಲುತ್ತಾರೆಂದು ಯಾರು ತಾನೇ ಅಂದುಕೊಳ್ಳುತ್ತಾರೆ?

ಎರಡನೇ ತಿಂಗಳಿಗೆ ಅವಳೇ ಸೋತಿದ್ದಳು. ಮೇಷ್ಟ್ರು ಬರುವುದು ಐದು ನಿಮಿಷ ತಡವಾದರೆ ಜೀವ ಬಾಗಿಲಲ್ಲೇ ಇರುತ್ತಿತ್ತು. ಬಂದರೆ ಜಗಳ.

ಜಗಳದಲ್ಲಿ ಅವರ ಮಾತು ಅರ್ಧ ಸರಿ ಎನಿಸುತ್ತಿತ್ತು. ಮನೆಗೆ ಬಂದು ಅಪ್ಪನ ಮುಖ ನೋಡಿದರೆ, ಅಪ್ಪನದೇ ಸರಿ. *ನಾನು ಯಾರ ಕಡೆ? ನಾನು ನಂಬಿರುವುದಾದರೂ ಏನನ್ನು?*

ಒಂದು ಸಂಜೆ ತಡೆಯಲಾರದೆ ಕೇಳಿಯೇಬಿಟ್ಟಳು. "ಅಪ್ಪಾ, ನೀವು ಯೇಸುವನ್ನ ನಂಬಿ ಆಮೇಲೆ ಕೀರ್ತನೆಗಳಲ್ಲಿ ಹುಡುಕಿದ್ರಾ, ಹುಡುಕಿ ಆಮೇಲೆ ನಂಬಿದ್ರಾ?"

"ಅದು ಗೊತ್ತಿದ್ದಿದ್ರೆ ಇಷ್ಟು ದಪ್ಪ ಪುಸ್ತಕ ಬರೀತಿದ್ನಾ, ಗುಬ್ಬಿ?" ಎಂದರು ಅಪ್ಪ, ಕನ್ನಡಕ ಒರೆಸಿಕೊಳ್ಳುತ್ತಾ.

ಮೂರನೇ ತಿಂಗಳಲ್ಲಿ ನೂರ ಹತ್ತನೇ ಕೀರ್ತನೆ ಬಂತು. ಅಲ್ಲಿ ರಾಜನೇ ಇನ್ನೊಬ್ಬನನ್ನು ನನ್ನ ಒಡೆಯ ಎನ್ನುತ್ತಾನೆ. ದೇವರು ಆ ಒಡೆಯನನ್ನು ತನ್ನ ಬಲಗಡೆಗೆ ಕೂರಿಸಿಕೊಂಡು, ನೀನು ಎಂದೆಂದಿಗೂ ಯಾಜಕ ಎನ್ನುತ್ತಾನೆ. ರಾಜನಿಗೂ ಒಡೆಯನಾದವನು ಯಾರು ಎಂದು ಅಪ್ಪ ಕೇಳಿದ್ದರು. ಅವಳು ಓದುತ್ತಾ ಹೋದಳು, ಮೇಷ್ಟ್ರ ಬೆರಳು ಹಾಳೆಯ ನಡುವೆ ನಿಂತುಬಿಟ್ಟಿತ್ತು.

"ಅಲ್ಲಿ ಅಲ್ಪವಿರಾಮ ಇದೆಯಾ, ಮೇಷ್ಟ್ರೇ?"

"ಗೊತ್ತಿಲ್ಲ."

"ನೋಡಿ ಹೇಳಿ."

"ಏನೂ ಗೊತ್ತಾಗ್ತಿಲ್ಲ ಈಗ," ಎಂದರು ಅವರು, ಅವಳ ಮುಖ ನೋಡುತ್ತಾ. ಅವಳು ಆ ರಾತ್ರಿ ನಿದ್ದೆಗೆಟ್ಟಳು. ಅವರನ್ನು ಕಲಕಿದ್ದು ಕೀರ್ತನೆಯೋ, ತಾನೋ?

ಬುಧವಾರ ಹೊರಡುವ ಹೊತ್ತಿಗೆ ಮೇಷ್ಟ್ರು ಒಂದು ತೆಳು ನೋಟ್‌ಬುಕ್ ಮುಂದೆ ಚಾಚಿದರು.

"ದೂರದ ಕಾಲೇಜಿಂದ ಕೆಲಸಕ್ಕೆ ಕರೆದಿದ್ದಾರೆ. ಶುಕ್ರವಾರ ಉತ್ತರ ಕೊಡ್ಬೇಕು. ಅದಕ್ಕೆ ಮುಂಚೆ ನೀವಿದನ್ನ ಓದಿ ಒಂದು ಮಾತು ಹೇಳಿ. ನನಗೆ ಬಾಯಲ್ಲಿ ಹೇಳೋಕೆ ಬರಲ್ಲ."

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ನೋಟ್‌ಬುಕ್ ತೆರೆದಳು. ಪುಟಕ್ಕೊಂದು ಕೀರ್ತನೆ, ಕೆಳಗೆ ಎರಡು ಸಾಲು ಮನಸ್ಸಿನ ಮಾತು. ತಾರೀಖಿರಲಿಲ್ಲ, ಖಾಲಿ ಹಾಳೆಯೂ ಉಳಿದಿರಲಿಲ್ಲ.

*ನೂರ ಹತ್ತು. ಯಾವ ಆಸ್ಥಾನ ಕವಿಯೂ ತನ್ನ ರಾಜನನ್ನು ಎಂದೆಂದಿಗೂ ಯಾಜಕ ಎಂದು ಹೊಗಳುವುದಿಲ್ಲ. ಅಲ್ಲಿ ಯಾಜಕರೇ ಬೇರೆ, ರಾಜರೇ ಬೇರೆ. ಪಾದ್ರಿಗಳ ಮಾತು ನಿಜ, ಇದು ಯೇಸುವೇ. ಅವಳಿಗೆ ಇಂದೂ ಹೇಳಲಾಗಲಿಲ್ಲ. ಅವಳ ದನಿ ಕೇಳದೆ ಇನ್ನು ಇರಲಾರೆ.*

ಅವಳ ಎದೆ ತುಂಬಿ ಬಂತು. ಪುಟ ತಿರುಗಿಸಿದಳು.

*ಇಪ್ಪತ್ತೆರಡು. ಕೈಕಾಲುಗಳನ್ನು ತಿವಿದರು ಎಂಬ ಜಾಗ. ಶಿಲುಬೆಯೇ ಕಣ್ಣೆದುರು ಬರುತ್ತದೆ. ಆದರೆ ಹಳೆಯ ಪ್ರತಿಗಳು ಒಂದೇ ಮಾತು ಹೇಳುವುದಿಲ್ಲ. ತೀರ್ಮಾನಿಸಲಾರೆ. ಅವಳು ಜಗಳಕ್ಕೆ ನಿಂತಾಗ ಚೆನ್ನಾಗಿ ಕಾಣುತ್ತಾಳೆಯೇ? ಅದನ್ನೂ ತೀರ್ಮಾನಿಸಲಾರೆ.*

ಪುಟ ತಿರುವಿದಂತೆಲ್ಲ ಅನುಮಾನ ಹೆಚ್ಚಿತು, ಪ್ರೀತಿ ತೆಳುವಾಯಿತು. ಕೊನೆಯ ಪುಟದಲ್ಲಿ ಹೀಗಿತ್ತು.

*ನಲವತ್ತೈದು. ಬರೀ ರಾಜನ ಮದುವೆ ಹಾಡು. ಯೇಸು ಇಲ್ಲ. ಲೇಖಕರ ಮಗಳು ಮುಖ ಕೊಟ್ಟು ಮಾತಾಡುವುದಿಲ್ಲ. ಈ ಕೆಲಸ ಮುಗಿದರೆ ಸಾಕು, ಹೊರಟುಬಿಡುತ್ತೇನೆ.*

ನೂರ ಹತ್ತರ ದಿನ ಬರೆಯಲು ಕೂತವರು ಮೊದಲ ದಿನ ಹೇಳಿದ ಮಾತಿಗೇ ಕೊನೆಗೆ ಮರಳಿಬಿಟ್ಟಿದ್ದಾರೆ! ನಂಬಿ ನೋಡಿದರು, ಪ್ರೀತಿಸಿ ನೋಡಿದರು, ಎರಡೂ ಸಾಕಾಯಿತು. ಅದನ್ನು ಬಾಯಲ್ಲಿ ಹೇಳಲಾರದೆ ಪುಸ್ತಕ ಕೊಟ್ಟಿದ್ದಾರೆ. ಅವಳು ಅಡುಗೆಮನೆಯ ನಲ್ಲಿ ಬಿಟ್ಟು, ಅಪ್ಪನಿಗೆ ಕೇಳಿಸದಂತೆ ಅತ್ತಳು.

ಮರುದಿನ ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟಳು. "ಓದಿದೆ. ಹೋಗಿ ಬನ್ನಿ."

"ಇದೇನಾ ನಿಮ್ಮ ಮಾತು?"

"ಇದೇ."

ಮೇಷ್ಟ್ರು ನಿಘಂಟುಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿದರು. ಎರಡು ಸಲ ಒಂದೇ ನಿಘಂಟನ್ನು ಒಳಗಿಟ್ಟು ಹೊರಗೆ ತೆಗೆದರು.

ಶುಕ್ರವಾರ ಮಧ್ಯಾಹ್ನ ಅವರು ಅಪ್ಪನ ಕೈಬರಹ ಹಿಂದಿರುಗಿಸಲು ಮನೆಗೇ ಬಂದರು. ಅವಳು ಗಂಟುಮುಖ ಹಾಕಿಕೊಂಡು ಬಾಗಿಲ ಬಳಿ ನಿಂತಳು.

"ಏನು ಮೇಷ್ಟ್ರೇ, ನನ್ನ ರಾಜ ಬರೀ ರಾಜನೇನಾ?" ಎಂದು ಅಪ್ಪ ಕೇಳಿದರು.

"ಇಲ್ಲ ಅಯ್ಯನವರೇ. ನೂರ ಹತ್ತರಲ್ಲಿ ನೀವು ಹೇಳಿದ್ದನ್ನ ನಾನೂ ಒಪ್ಪಿದೆ. ಅವನು ದೇವರೇ."

ಅಪ್ಪನ ಕಣ್ಣು ಒದ್ದೆಯಾಯಿತು. ಅವಳ ಮೈಯೆಲ್ಲ ಉರಿದುಹೋಯಿತು. ಮೇಷ್ಟ್ರು ಮೆಟ್ಟಿಲಿಳಿಯುವ ಮೊದಲೇ ಹಿಂದೆ ಬಂದು ಅಡ್ಡ ನಿಂತಳು.

"ನನಗೆ ಏನಾದ್ರೂ ಮಾಡಿ, ಸಹಿಸ್ಕೋತೀನಿ. ಆದ್ರೆ ನಮ್ಮಪ್ಪನ ಮುಂದೆ ಸುಳ್ಳು ಯಾಕೆ ಹೇಳಿದ್ರಿ?"

"ಸುಳ್ಳಾ?"

"ಕೊನೇ ಪುಟದಲ್ಲಿ ನೀವೇ ಬರೆದಿದ್ದೀರಲ್ಲ. ಯೇಸು ಇಲ್ಲ, ಕೆಲಸ ಮುಗಿದರೆ ಸಾಕು, ಹೊರಟುಬಿಡ್ತೀನಿ ಅಂತ."

ಮೇಷ್ಟ್ರು ನಿಧಾನವಾಗಿ ಹೇಳಿದರು, "ಅದು ಕೊನೇ ಪುಟ ಅಲ್ಲ. ಮೊದಲನೇದು."

"ಏನು?"

ಅವರು ಚೀಲದಿಂದ ನೋಟ್‌ಬುಕ್ ತೆಗೆದು, ಅವಳು ಹಿಂಬದಿ ಎಂದುಕೊಂಡಿದ್ದ ಕಡೆಯಿಂದ ತೆರೆದರು. "ಹೀಬ್ರೂ ಓದೋದು ಬಲದಿಂದ ಎಡಕ್ಕೆ, ಪುಸ್ತಕ ಶುರುವಾಗೋದು ಈ ಕಡೆಯಿಂದ. ಹದಿನೈದು ವರ್ಷ ಹೀಗೇ ತೆರೆದು ಕೈಗೆ ಇದೇ ರೂಢಿ ಆಗಿದೆ."

"ಆದ್ರೆ ಬರೆದದ್ದು ಕನ್ನಡದಲ್ಲಿ..."

"ಬರೆದದ್ದು ಕನ್ನಡಾನೇ. ಪುಟ ತಿರುಗಿಸೋ ಕೈ ಮಾತ್ರ ಕೇಳಲ್ಲ. ಹೇಳ್ಬೇಕಿತ್ತು. ನನಗೆ ಹೊಳೀಲೇ ಇಲ್ಲ."

ಅವಳು ಅದನ್ನು ಕಸಿದುಕೊಂಡು ಆ ಕಡೆಯಿಂದ ಪುಟ ತಿರುಗಿಸಿದಳು. ಹಾಗಾದರೆ ಅನುಮಾನ ಮೊದಲು, ನಂಬಿಕೆ ಆಮೇಲೆ. ಹೊರಟುಬಿಡುತ್ತೇನೆ ಎಂಬುದು ಮೊದಲು, ಇರಲಾರೆ ಎಂಬುದು ಕೊನೆಗೆ. ಒಂದು ಅಲ್ಪವಿರಾಮ ತಪ್ಪಿದರೂ ಹಿಡಿಯುವ ಅವಳು ಒಬ್ಬ ಮನುಷ್ಯನನ್ನು ಪೂರ್ತಿ ಹಿಂದಿನಿಂದ ಓದಿದ್ದಳು. ನಗು ಬಂತೋ ಅಳು ಬಂತೋ ಅವಳಿಗೇ ತಿಳಿಯಲಿಲ್ಲ.

"ಮೇಷ್ಟ್ರೇ... ಆ ಕೀರ್ತನೆಗಳಲ್ಲಿ ಇರೋದು ಅವನೇ ಅಂತ ಅಪ್ಪನ ಹಾಗೆ ಗಟ್ಟಿಯಾಗಿ ಹೇಳೋಕೆ ನನಗೆ ಇನ್ನೂ ಬರಲ್ಲ. ಎಲ್ಲಾ ಗೊಂದಲ."

"ನನಗೆ ಕಂಡದ್ದೂ ನೂರೈವತ್ತರಲ್ಲಿ ಒಂದರಲ್ಲೇ. ಇನ್ನೂ ನೂರ ನಲವತ್ತೊಂಬತ್ತಿವೆ. ಒಬ್ಬನೇ ಹುಡುಕೋಕೆ ಆಗಲ್ಲ. ನೀವು ಓದಿದ್ರೆ ನಾನು ಬೆರಳಿಟ್ಟು ಬರ್ತೀನಿ. ಜೀವನ ಪೂರ್ತಿ."

ಬಾಯಲ್ಲಿ ಹೇಳಲು ಬಾರದವರು ಹೇಳಿಯೇಬಿಟ್ಟಿದ್ದರು. ಅವಳು ಕಣ್ಣೊರೆಸಿಕೊಂಡಳು.

"ಮೊದಲು ಆ ಕಾಲೇಜಿಗೆ ಬರಲ್ಲ ಅಂತ ಬರೀರಿ."

"ಆಮೇಲೆ?"

"ಒಳಗೆ ಬಂದು ಅಪ್ಪನ್ನ ಕೇಳಿ."

"ಯಾವ ಕೀರ್ತನೆ ಬಗ್ಗೆ?"

"ನನ್ನ ಬಗ್ಗೆ."